ಮೊದಲ ಓಲೆ, ಕೊನೆಯ ಓಲೆ

ಅವೆನ್ಯೂ ರಸ್ತೆ ಎಂಬ ಹೆಸರು ಬರುವುದಕ್ಕೆ ಬಹು ಹಿಂದೆಯೇ ಆ ಬೀದಿ ದೊಡ್ಡಪೇಟೆಯೆಂದು ಹೆಸರಾಗಿತ್ತು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿಸಿದರು. ಅಂದು ನಟ್ಟನಡುವಿನಿಂದ ನಾಲ್ಕು ಜೋಡಿ ಎತ್ತುಗಳು ನಾಲ್ಕು ದಿಕ್ಕಿಗೆ ನೇಗಿಲೆಳೆದವು, ಆ ಸಾಲುಗಳೇ ಬೀದಿಗಳಾದವು ಎಂದು ಊರವರು ಇಂದಿಗೂ ಹೇಳುತ್ತಾರೆ. ಬಡಗಣ ಸಾಲು ಯಲಹಂಕ ಬಾಗಿಲಿಗೆ ಹೋಯಿತು, ತೆಂಕಣ ಸಾಲು ಕೋಟೆಯ ಕಡೆಗೆ ಇಳಿಯಿತು. ಮೂಡಲಲ್ಲಿ ಹಲಸೂರು ಬಾಗಿಲು, ಪಡುವಲಲ್ಲಿ ಸೊಂಡೆಕೊಪ್ಪದ ಬಾಗಿಲು. ಪೇಟೆಗೆ ಬರುವವನು ಇಂಥ ಬಾಗಿಲೊಂದನ್ನು ದಾಟಿಯೇ ಬರಬೇಕಿತ್ತು. 1791ರ ಮಾರ್ಚಿ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಒಳನುಗ್ಗಿದಾಗ, ಬಾಗಿಲು ಬಿದ್ದ ದಿನವೇ ಪೇಟೆಯೂ ಬಿತ್ತು.

ಆ ಬಾಗಿಲುಗಳು ಇಂದು ಉಳಿದಿಲ್ಲ. ಯಲಹಂಕ ಬಾಗಿಲಿದ್ದ ಕಡೆ ಈಗ ಮೈಸೂರು ಬ್ಯಾಂಕ್ ವೃತ್ತ. ಅಲ್ಲಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಸಾಗುವ ಅವೆನ್ಯೂ ರಸ್ತೆ ಕಾಗದದ ಬೀದಿಯಾಗಿದೆ. ಪಠ್ಯಪುಸ್ತಕ, ಲಗ್ನಪತ್ರಿಕೆ, ಲೆಕ್ಕದ ಪುಸ್ತಕಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿವೆ; ಅವುಗಳ ಮುಂದೆ ಕಾಲುದಾರಿಯ ಅಂಚಿನಲ್ಲಿ ಹಳೆ ಪುಸ್ತಕಗಳ ರಾಶಿ. ಇಲ್ಲಿಯ ವರ್ತಕ ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕ ತೆರೆದರೆ ಮೊದಲ ಹಾಳೆಗೆ ಅರಿಸಿನ ಕುಂಕುಮ ಹಚ್ಚಿ, ನಡುವೆ 'ಶ್ರೀ' ಬರೆದು, ಕೈಮುಗಿದ ಮೇಲೆಯೇ ಮೊದಲ ಬಾಬ್ತನ್ನು ಬರೆಯುತ್ತಾನೆ. ಆ ಹಾಳೆಯಲ್ಲಿ ಒಂದು ಕಾಸಿನ ಲೆಕ್ಕವೂ ಇರುವುದಿಲ್ಲ. ಆದರೆ ಮುಂದಿನ ಲೆಕ್ಕವೆಲ್ಲ ಯಾರ ಸಾಕ್ಷಿಯಲ್ಲಿ ನಡೆಯುತ್ತದೆ ಎಂಬುದು ಆ ಹಾಳೆಯಲ್ಲೇ ಇದೆ.

ಈ ಬೀದಿಯ ಹಳೆ ಪುಸ್ತಕದ ರಾಶಿಯೊಂದರಲ್ಲಿ ಒಂದು ಮಧ್ಯಾಹ್ನ ನನಗೆ ಕನ್ನಡ ಸತ್ಯವೇದವೊಂದು (ಬೈಬಲ್) ಸಿಕ್ಕಿತು. ಬೆನ್ನಿನ ಬಟ್ಟೆ ಹರಿದಿತ್ತು, ಹೊಲಿಗೆಯ ದಾರ ಸಡಿಲವಾಗಿತ್ತು. ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಕೆಲವು ಹಾಳೆಗಳೂ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಹಾಳೆಗಳೂ ಇರಲಿಲ್ಲ. ಅಚ್ಚಾದ ವರ್ಷ, ಅಚ್ಚುಕೂಟದ ಹೆಸರು, ಯಾರ ಮನೆಯ ಪುಸ್ತಕವಿದು ಎಂಬ ಬರಹ, ಎಲ್ಲವೂ ಆ ಹಾಳೆಗಳೊಡನೆ ಹೋಗಿದ್ದವು. "ಹಿಂದೆ ಮುಂದೆ ಹೋಗಿದೆ ಸ್ವಾಮಿ, ಮಧ್ಯ ಎಲ್ಲಾ ಭದ್ರವಾಗಿದೆ" ಎಂದರು ಅಂಗಡಿಯವರು. ಅವರು ನಿಜವನ್ನೇ ಹೇಳಿದ್ದರು. ಹಳೆ ಪುಸ್ತಕ ಕೊಳ್ಳುವವರು ಮೊದಲು ನೋಡುವುದು ಆ ಎರಡು ತುದಿಗಳನ್ನೇ. ಮೊದಲು ಹೋಗುವುದೂ ಅವೇ.

ನಮ್ಮ ಪೂರ್ವಿಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಓಲೆಗರಿಯ ಕಟ್ಟಿಗೆ ಮೇಲೊಂದು ಹಲಗೆ, ಕೆಳಗೊಂದು ಹಲಗೆ ಇಟ್ಟು ದಾರ ಬಿಗಿಯುತ್ತಿದ್ದರು. ಮೊದಲ ಗರಿಯಲ್ಲಿ ದೇವತಾಸ್ತುತಿ, ಗುರುವಂದನೆ, ಕವಿಯ ಹೆಸರು. ಕೊನೆಯ ಗರಿಯಲ್ಲಿ ಫಲಶ್ರುತಿ, ಮಂಗಳ, ಪ್ರತಿ ಮಾಡಿದವನ ಹೆಸರು, ಸಂವತ್ಸರ, ತಿಥಿ. ಬೆನ್ನು ಸೊಂಟ ಕುತ್ತಿಗೆ ನೋಯಿಸಿಕೊಂಡು ಬರೆದಿದ್ದೇನೆ, ಜತನದಿಂದ ಕಾಪಾಡಿ ಎಂಬ ಲಿಪಿಕಾರನ ಮೊರೆಯೂ ಅಲ್ಲೇ. ಆ ಎರಡು ಗರಿಗಳನ್ನು ಗೆದ್ದಲು ತಿಂದರೆ ಕಾವ್ಯ ಉಳಿದೀತು. ಅದು ಯಾರದು, ಯಾವಾಗಿನದು, ಯಾಕಾಗಿ ಹುಟ್ಟಿತು ಎಂಬುದು ಮಣ್ಣುಪಾಲಾಗುತ್ತದೆ.

ಆ ಸತ್ಯವೇದವನ್ನು ಕಂಕುಳಲ್ಲಿ ಇರಿಸಿಕೊಂಡು ನಡೆದವನ ಕಾಲು ನಿಂತದ್ದು ಅದೇ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿನ ಮುಂದೆ. ಅಂಗಡಿಗಳ ನಡುವೆ ದುಂಡು ಕಂಬಗಳ ಮುಖಮಂಟಪ, ಅದರ ನೆತ್ತಿಯಲ್ಲಿ ತ್ರಿಕೋನದ ಮುಡಿ. ಕನ್ನಡದಲ್ಲಿ ಆರಾಧನೆ ನಡೆಯುವ ಈ ಗುಡಿ ಎದ್ದದ್ದು 1913ರಿಂದ 1917ರ ನಡುವೆ. ಅದಕ್ಕೆ ಮೊದಲು ಅದೇ ಜಾಗದಲ್ಲಿ ಲಂಡನ್ ಮಿಷನ್ನಿನವರ ಹಳೆಯ ಕನ್ನಡ ಪ್ರಾರ್ಥನಾಲಯವಿತ್ತು. ಗುಡಿಯ ನೆತ್ತಿಯ ಮೇಲಿನ ಹೆಸರು ಬೆಂಜಮಿನ್ ಹೋಲ್ಟ್ ರೈಸ್ ಅವರದು. 1814ರಲ್ಲಿ ಹುಟ್ಟಿ, 1837ರಲ್ಲಿ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷ ಅವರು ಕನ್ನಡದ ನೆರಳಲ್ಲೇ ಬಾಳಿದರು. ಪೇಟೆಯ ಮಕ್ಕಳಿಗೆ ಶಾಲೆ ತೆರೆದರು, ಕನ್ನಡದಲ್ಲಿ ಪಾಠಪುಸ್ತಕ ಬರೆದರು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೆಂದರೆ ಊರೇ ಬೆಚ್ಚುತ್ತಿದ್ದ 1840ರ ದಶಕದಲ್ಲಿ ಅವರ ಪತ್ನಿ ಪೇಟೆಯ ಹುಡುಗಿಯರಿಗೆ ಕನ್ನಡ ಶಾಲೆ ನಡೆಸಿದರು.

ಆ ಐವತ್ತು ವರ್ಷಗಳ ದೊಡ್ಡ ದುಡಿಮೆಗಳಲ್ಲಿ ಕನ್ನಡ ಸತ್ಯವೇದದ ಪರಿಷ್ಕರಣವೂ ಒಂದು. ಆ ಗ್ರಂಥ ಅದಾಗಲೇ ದೂರದ ದಾರಿ ನಡೆದು ಬಂದಿತ್ತು. 1810ರ ಸುಮಾರಿಗೆ ಬಳ್ಳಾರಿಯಲ್ಲಿ ನೆಲೆನಿಂತ ಜಾನ್ ಹ್ಯಾಂಡ್ಸ್, ನಿಘಂಟೂ ಸರಿಯಾದ ವ್ಯಾಕರಣವೂ ಕೈಗೆ ಸಿಗದ ಕಾಲದಲ್ಲಿ ಅನುವಾದಕ್ಕೆ ತೊಡಗಿದರು. ಅವರೊಡನೆ ದುಡಿದ ವಿಲಿಯಂ ರೀವ್ ನಿಘಂಟನ್ನೇ ಕಟ್ಟಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಆದರೆ ಮೊದಲ ಅನುವಾದದ ಕನ್ನಡ ಕನ್ನಡಿಗರ ಕಿವಿಗೆ ಒರಟಾಗಿತ್ತು. ಮತ್ತೆ ಹೀಬ್ರೂ, ಗ್ರೀಕ್ ಮೂಲಗಳನ್ನು ಮುಂದಿಟ್ಟುಕೊಂಡು, ಕನ್ನಡದ ಪಂಡಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಸಾಲಾಗಿ ತಿದ್ದುವ ಕೆಲಸ ಅನೇಕ ವರ್ಷ ನಡೆಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೀಗ್ಲೆಯಂಥವರು ಅದಕ್ಕೆ ತಮ್ಮ ಆಯುಸ್ಸನ್ನೇ ಕೊಟ್ಟರು. ಬೆಂಗಳೂರಿನಿಂದ ರೈಸ್ ಅವರು ಅದರಲ್ಲಿ ಪಾಲುಗೊಂಡರು.

ಹಾಗೆ ಕನ್ನಡಕ್ಕೆ ಬಂದ ಗ್ರಂಥಗಳಲ್ಲಿ ಪ್ರವಾದಿ ಯೆಶಾಯನದು ಒಂದು. 66 ಅಧ್ಯಾಯಗಳ ಆ ಪುಸ್ತಕದ ಎರಡು ತುದಿಗಳ ಕಥೆಯೇ ನಾನು ಇಲ್ಲಿ ಹೇಳಹೊರಟದ್ದು.

ಕ್ರಿಸ್ತಪೂರ್ವ ಎಂಟನೆಯ ಶತಮಾನ. ಯೆಹೂದವೆಂಬ ಪುಟ್ಟ ಗುಡ್ಡಗಾಡಿನ ರಾಜ್ಯ. ಅದರ ರಾಜಧಾನಿ ಯೆರೂಸಲೇಮ್. ಉಜ್ಜೀಯ, ಯೋತಾಮ, ಆಹಾಜ, ಹಿಜ್ಕೀಯ ಎಂಬ ನಾಲ್ವರು ದೊರೆಗಳ ಕಾಲದಲ್ಲಿ ಆಮೋಚನ ಮಗ ಯೆಶಾಯ ಕಂಡ ದರ್ಶನವಿದು ಎಂದು ಪುಸ್ತಕದ ಮೊದಲ ವಾಕ್ಯ ಸಾರುತ್ತದೆ. ದೊರೆಗಳ ಹೆಸರು ಹಿಡಿದು ಕಾಲ ಹೇಳುವ ಈ ಕ್ರಮ ಕನ್ನಡಿಗನಿಗೆ ಹೊಸದಲ್ಲ. ಇಂಥ ಅರಸನು ರಾಜ್ಯಂಗೆಯ್ಯುತ್ತಿರಲು ಎಂದೇ ನಮ್ಮ ಶಾಸನಗಳೂ ಮಾತು ತೆಗೆಯುತ್ತವೆ.

ಆ ತಲೆಬರಹ ದಾಟಿದ ಕೂಡಲೇ ಪ್ರವಾದಿ ಆಕಾಶವನ್ನೂ ಭೂಮಿಯನ್ನೂ ಸಾಕ್ಷಿಗೆ ಕರೆಯುತ್ತಾನೆ. ನ್ಯಾಯಸ್ಥಾನ ನೆರೆಯುತ್ತದೆ. ದೂರು ಕೊಡುವವನು ದೇವರೇ, ಅದೂ ತಂದೆಯ ದನಿಯಲ್ಲಿ: ಸಾಕಿ ಬೆಳೆಸಿದ ಮಕ್ಕಳು ತಿರುಗಿ ಬಿದ್ದರು. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಗೋದಲಿ ಗೊತ್ತು, ಈ ಜನಕ್ಕೆ ಮಾತ್ರ ಗೊತ್ತಿಲ್ಲ. ದೇಶ ಸುಟ್ಟುಹೋಗಿದೆ, ಚೀಯೋನ್ ನಗರಿ, ಎಂದರೆ ಯೆರೂಸಲೇಮ್, ಸೌತೆಯ ಹೊಲದ ಕಾವಲು ಗುಡಿಸಲಿನ ಹಾಗೆ ಒಂಟಿಯಾಗಿ ಉಳಿದಿದೆ. ಫಸಲು ಮುಗಿದ ಮೇಲೆ ಹೊಲದ ನಡುವೆ ವಾಲಿಕೊಂಡು ನಿಲ್ಲುವ ಗುಡಿಸಲನ್ನು ಕಂಡವರಿಗೆ ಈ ಹೋಲಿಕೆಯ ನೋವು ತಟ್ಟನೆ ತಿಳಿಯುತ್ತದೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ 46 ಕೋಟೆಯೂರುಗಳನ್ನು ಹಿಡಿದೆನೆಂದೂ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ತನ್ನ ಶಾಸನದಲ್ಲಿ ಕೊರೆಯಿಸಿದ. ಗೆದ್ದವನು ಪಂಜರವೆಂದದ್ದನ್ನು ಪ್ರವಾದಿ ಗುಡಿಸಲು ಎಂದ.

ಆಮೇಲೆ ದೂರಿನ ತಿರುಳು ಬರುತ್ತದೆ. ನಿಮ್ಮ ಬಲಿಗಳು ನನಗೆ ಸಾಕಾಗಿವೆ; ನಿಮ್ಮ ಅಮಾವಾಸ್ಯೆ, ಸಬ್ಬತ್ತುಗಳು ಭಾರವಾಗಿವೆ; ನೀವು ಎತ್ತಿದ ಕೈಗಳಲ್ಲಿ ರಕ್ತವಿದೆ. ತಬ್ಬಲಿಗೆ ನ್ಯಾಯ ಕೊಡಿ, ವಿಧವೆಯ ಪರ ನಿಲ್ಲಿ. ನಂಬಿಗಸ್ತಳಾಗಿದ್ದ ನಗರಿ ಕೆಟ್ಟಳು, ಬೆಳ್ಳಿ ಕಿಟ್ಟವಾಯಿತು. ಆದರೂ ಪುಟವಿಟ್ಟು ಶುದ್ಧಿ ಮಾಡುವೆನೆಂಬ ಮಾತಿದೆ. ಅಧ್ಯಾಯ ಮುಗಿಯುವುದು ನಾಚಿಕೆಗೇಡಾದ ತೋಪುಗಳ ಮಾತಿನಿಂದ ಮತ್ತು ಆರಿಸುವವರಿಲ್ಲದೆ ಉರಿಯುವ ಬೆಂಕಿಯಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಯೆರೆಮೀಯನ ಪುಸ್ತಕವೂ ಯೆಹೆಜ್ಕೇಲನ ಪುಸ್ತಕವೂ ದೇವರು ಅವರನ್ನು ಕರೆದ ಕಥೆಯಿಂದ ಆರಂಭವಾಗುತ್ತವೆ. ಯೆಶಾಯನಿಗೆ ಆ ಕರೆ ಬಂದದ್ದು ಅರಸ ಉಜ್ಜೀಯ ಸತ್ತ ವರ್ಷದಲ್ಲಿ. ಆದರೆ ಪುಸ್ತಕದಲ್ಲಿ ಅದು ಸಿಗುವುದು ಆರನೆಯ ಅಧ್ಯಾಯದಲ್ಲಿ. ಮೊದಲ ಅಧ್ಯಾಯದ ಹಾಳುಬಿದ್ದ ದೇಶದ ಚಿತ್ರ ಸನ್ಹೇರೀಬನ ದಂಡಯಾತ್ರೆಯನ್ನು ನೆನಪಿಸುತ್ತದೆ, ಎಂದರೆ ಪ್ರವಾದಿಯ ಜೀವನದ ಕೊನೆಗಾಲವನ್ನು. ಈ ಪುಸ್ತಕವನ್ನು ಜೋಡಿಸಿದವರು ಕಾಲಾನುಕ್ರಮ ಬಿಟ್ಟು, ತಡವಾಗಿ ಬಂದ ಮಾತನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಒಳಗೆ ಹೋಗುವವನು ಪ್ರವಾದಿಯ ಚರಿತ್ರೆಯನ್ನು ಹಿಡಿದು ಹೋಗಬಾರದು, ತನ್ನ ಮೇಲಿನ ದೂರನ್ನು ಕೇಳಿಸಿಕೊಂಡು ಹೋಗಬೇಕು ಎಂಬುದು ಅವರ ಇರಾದೆ.

ನಡುವಿನ ದಾರಿ ದೀರ್ಘವಾದದ್ದು. ನೆರೆಯ ದೇಶಗಳ ಮೇಲಿನ ಮಾತುಗಳು, ಹಿಜ್ಕೀಯನ ಕಾಯಿಲೆ, ಬಾಬೆಲಿನ ದೂತರ ಭೇಟಿ. 39ನೆಯ ಅಧ್ಯಾಯದಲ್ಲಿ ಬಾಬೆಲಿನ ಸೆರೆಯ ಮುನ್ಸೂಚನೆ ಕೇಳಿಸುತ್ತದೆ. 40ನೆಯದರಲ್ಲಿ ಸೆರೆ ಮುಗಿಯಿತೆಂಬ ಸಂತೈಕೆ ಎದುರಾಗುತ್ತದೆ. ಆ ಎರಡು ಅಧ್ಯಾಯಗಳ ನಡುವೆ ಸುಮಾರು ಒಂದೂವರೆ ಶತಮಾನ ಸಂದುಹೋಗಿರುತ್ತದೆ. ಯೆರೂಸಲೇಮ್ ಕ್ರಿಸ್ತಪೂರ್ವ 586ರಲ್ಲಿ ಬಿದ್ದದ್ದು, ಜನ ಸೆರೆ ಹೋದದ್ದು ಆ ಮೌನದಲ್ಲಿದೆ. 539ರಲ್ಲಿ ಬಾಬೆಲನ್ನು ಗೆದ್ದ ಪಾರಸಿಯ ದೊರೆ ಕೋರೆಷನ ಹೆಸರು ಮುಂದಿನ ಅಧ್ಯಾಯಗಳಲ್ಲಿ ಬರುತ್ತದೆ. 1892ರಲ್ಲಿ ಜರ್ಮನಿಯ ಬೆರ್ನ್‌ಹಾರ್ಡ್ ಡೂಮ್ ಈ ಪುಸ್ತಕ ಮೂರು ಕಾಲದ ಮೂರು ಭಾಗಗಳ ಕೂಡಿಕೆಯೆಂದು ವಾದಿಸಿದರು. ಆಮೇಲೆ ಬಹುಕಾಲ ವಿದ್ವಾಂಸರು ಹೊಲಿಗೆ ಬಿಚ್ಚುವುದರಲ್ಲೇ ತೊಡಗಿದರು. ಇಷ್ಟು ತುಂಡುಗಳನ್ನು ಒಂದು ಗ್ರಂಥವಾಗಿ ಹೊಲಿದ ಕೈ ಯಾವುದು, ಹೊಲಿಗೆಯ ಗಂಟು ಎಲ್ಲಿದೆ ಎಂಬ ಪ್ರಶ್ನೆಯನ್ನು 1950ರ ದಶಕದಲ್ಲಿ ಲಿಯಾನ್ ಲೀಬ್ರೈಕ್ ಎಂಬ ಯೆಹೂದಿ ವಿದ್ವಾಂಸರು ಎತ್ತಿದರು. ಗಂಟು ಎರಡು ತುದಿಗಳಲ್ಲೇ ಇತ್ತು.

ಕೊನೆಯ ಎರಡು ಅಧ್ಯಾಯಗಳನ್ನು ಮೊದಲನೆಯದರ ಪಕ್ಕದಲ್ಲಿ ಇಟ್ಟು ನೋಡೋಣ. ಮೊದಲಲ್ಲಿ ಸಾಕ್ಷಿಗೆ ಬಂದು ನಿಂತ ಆಕಾಶ ಭೂಮಿಗಳು ಕೊನೆಯಲ್ಲಿ ಹೊಸ ಆಕಾಶ, ಹೊಸ ಭೂಮಿಯಾಗುತ್ತವೆ. ಮೊದಲಲ್ಲಿ ಮಕ್ಕಳನ್ನು ಸಾಕಿ ನೊಂದ ತಂದೆ. ಕೊನೆಯಲ್ಲಿ ಮಗುವನ್ನು ತೊಡೆಯ ಮೇಲೆ ಆಡಿಸಿ ಸಂತೈಸುವ ತಾಯಿಯ ಚಿತ್ರ. ಮೊದಲಲ್ಲಿ ಕೆಟ್ಟ ಹೆಂಗಸೆನಿಸಿಕೊಂಡ ನಗರಿ ಕೊನೆಯಲ್ಲಿ ಹೆತ್ತು ಹಾಲೂಡುವ ತಾಯಿ. ಒಡೆಯನನ್ನು ಬಲ್ಲ ಎತ್ತು ಮೊದಲಲ್ಲಿ ಜನರಿಗೆ ಬುದ್ಧಿ ಹೇಳಲು ಬಂದಿತ್ತು. 65ನೆಯ ಅಧ್ಯಾಯದಲ್ಲಿ ಸಿಂಹವೇ ಎತ್ತಿನ ಹಾಗೆ ಹುಲ್ಲು ಮೇಯುತ್ತದೆ. ಭಾರವೆನಿಸಿದ್ದ ಅಮಾವಾಸ್ಯೆ, ಸಬ್ಬತ್ತುಗಳು ಈಗ ಸಕಲ ಜನರೂ ಕೂಡಿ ಅಡ್ಡಬೀಳುವ ದಿನಗಳಾಗಿವೆ. ದೂರದ ಜನಾಂಗದವರು ಬರುತ್ತಾರೆ, ಅವರಲ್ಲಿ ಕೆಲವರು ಯಾಜಕರೂ ಆಗುತ್ತಾರೆ. ತೋಪುಗಳ ಮಾತು ಮತ್ತೆ ಬರುತ್ತದೆ. ತಿರುಗಿ ಬಿದ್ದವರು ಎಂಬ ಅದೇ ಹೀಬ್ರೂ ಧಾತು ಪುಸ್ತಕದ ಎರಡನೆಯ ವಾಕ್ಯದಲ್ಲೂ ಇದೆ, ಕಟ್ಟಕಡೆಯ ವಾಕ್ಯದಲ್ಲೂ ಇದೆ. ಕೊನೆಗೆ ಮತ್ತೆ ಆರದ ಬೆಂಕಿ, ಸಾಯದ ಹುಳು.

ಈಗ ಅರ್ಥ ಬೇರೆಯಾಗುತ್ತದೆ. ನಡುವಿನ ಸಂತೈಕೆಯ ವಾಕ್ಯವೊಂದನ್ನೇ ಆರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಹಾಕಿಕೊಂಡರೆ ಯೆಶಾಯ ಸವಿಮಾತಿನವನು. ಬೆದರಿಕೆಯ ವಾಕ್ಯವೊಂದನ್ನೇ ಎತ್ತಿ ಬೀದಿಯಲ್ಲಿ ಕೂಗಿದರೆ ಅವನು ಉಗ್ರ. ಎರಡು ತುದಿಗಳನ್ನು ಸೇರಿಸಿ ಹಿಡಿದಾಗ ಮಾತ್ರ ತಿಳಿಯುವ ಸಂಗತಿ ಇದು: ಇದು ಒಂದು ನಗರಿಯ ಮೇಲೆ ನಡೆದ ದೊಡ್ಡ ವಿಚಾರಣೆ, ಅದರ ತೀರ್ಪು ನಗರಿಯ ನಾಶದಲ್ಲಿ ನಿಲ್ಲದೆ ಲೋಕವೇ ಹೊಸದಾಗುವಲ್ಲಿಗೆ ಮುಟ್ಟಿತು. ಆದರೆ ಆ ಹೊಸ ಲೋಕದಲ್ಲೂ ದೂರು ಮರೆತುಹೋಗುವುದಿಲ್ಲ. ತಬ್ಬಲಿಯ ನ್ಯಾಯವನ್ನು ತುಳಿದವನಿಗೆ ಕೊನೆಯ ವಾಕ್ಯದವರೆಗೂ ಬಿಡುಗಡೆಯಿಲ್ಲ. ಕರುಣೆಯನ್ನೂ ನ್ಯಾಯವನ್ನೂ ಒಂದೇ ದಾರದಲ್ಲಿ ಕಟ್ಟಿದ ಎರಡು ಹಲಗೆಗಳು ಆ ಅಧ್ಯಾಯಗಳು.

ಬೇರೆ ಪ್ರವಾದಿಗಳ ಪುಸ್ತಕಗಳಿಗೂ ಇಂಥ ಹಲಗೆಗಳಿವೆ. ಆಮೋಸನದು ಸಿಂಹದ ಗರ್ಜನೆಯಿಂದ, ಕರ್ಮೆಲ್ ಬೆಟ್ಟದ ತುದಿ ಒಣಗುವುದರಿಂದ ತೆರೆದುಕೊಳ್ಳುತ್ತದೆ; ಬೆಟ್ಟಗಳಿಂದ ದ್ರಾಕ್ಷಾರಸ ತೊಟ್ಟಿಕ್ಕುವಲ್ಲಿ ಮುಚ್ಚುತ್ತದೆ. ಯೋನನದು ನಿನೆವೆಗೆ ಹೋಗು ಎಂಬ ಅಪ್ಪಣೆಯಿಂದ ತೊಡಗಿ, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಮಂದಿಯೂ ಅಷ್ಟೊಂದು ದನಕರುಗಳೂ ಇರುವ ಊರಿನ ಮೇಲೆ ನನಗೆ ಕನಿಕರ ಬೇಡವೇ ಎಂಬ ದೇವರ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಯೋನ ಏನೆಂದನೆಂಬುದು ಪುಸ್ತಕದಲ್ಲಿಲ್ಲ. ಉತ್ತರ ಹೇಳುವ ಹೊಣೆ ಓದಿದವನ ಹೆಗಲಿಗೆ ಬೀಳುತ್ತದೆ.

ಇತ್ತ ಬೆಂಗಳೂರಿನಲ್ಲಿ, ರೈಸ್ ದಂಪತಿಗಳು ಬಂದ 1837ರಲ್ಲೇ ಅವರಿಗೆ ಗಂಡುಮಗು ಹುಟ್ಟಿತು. ಆ ಮಗುವೇ ಬೆಂಜಮಿನ್ ಲೂಯಿ ರೈಸ್, ಕನ್ನಡಿಗರು ಶಾಸನ ಪಿತಾಮಹರೆಂದು ನೆನೆಯುವ ಬಿ.ಎಲ್. ರೈಸ್. ತಂದೆ ಹೀಬ್ರೂ, ಗ್ರೀಕ್ ಮೂಲದ ಗ್ರಂಥವನ್ನು ಕನ್ನಡದಲ್ಲಿ ತಿದ್ದಿದರು. ಮಗ ಕನ್ನಡ ನಾಡಿನ ಕಲ್ಲುಗಳನ್ನೇ ಗ್ರಂಥವಾಗಿ ಓದಿದರು. ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತಿ, ಗದ್ದೆಯ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಜಗಲಿಯಲ್ಲಿ ಬಿದ್ದ ಕಲ್ಲುಗಳನ್ನು ತೊಳೆಸಿ ಪ್ರತಿ ಎತ್ತಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವಾದ ಕೊಡಗಿನ ಶಾಸನಗಳು ಹೊರಬಂದದ್ದು 1886ರಲ್ಲಿ, ತಂದೆ ಕಣ್ಮುಚ್ಚುವ ಹಿಂದಿನ ವರ್ಷ. ಮುಂದೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಬೆಳಕು ಕಂಡವು. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಶಾಸನದ ಕಲ್ಲೊಂದನ್ನು ಹತ್ತಿರದಿಂದ ನೋಡಿದವರಿಗೆ ಅದರ ಎರಡು ತುದಿಗಳು ಗೊತ್ತು. ನೆತ್ತಿಯಲ್ಲಿ ಸೂರ್ಯ ಚಂದ್ರರು, ಪಕ್ಕದಲ್ಲಿ ಹಸು ಕರು. ಇವರು ಸಾಕ್ಷಿಗಳು, ಆಚಂದ್ರಾರ್ಕವಾಗಿ ಈ ಮಾತು ನಿಲ್ಲಬೇಕು. ಅವರ ಕೆಳಗೆ ಸ್ತುತಿ: ಶೈವರದಾದರೆ ಬಾಣನ 'ಹರ್ಷಚರಿತೆ'ಯಿಂದ ಬಂದ ಶಿವನ ವಂದನೆ, ಜೈನರದಾದರೆ ಜಿನಶಾಸನದ ಜಯಕಾರ. ಆಮೇಲೆ ಅರಸ, ಕಾಲ, ದತ್ತಿ, ಗದ್ದೆಯ ಎಲ್ಲೆ. ಕೊನೆಯಲ್ಲಿ ಶಾಪ. ತಾನಿತ್ತದ್ದಾಗಲಿ ಪರರಿತ್ತದ್ದಾಗಲಿ ನೆಲವನ್ನು ಕಸಿದವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶ್ಲೋಕ ನೂರಾರು ಕಲ್ಲುಗಳ ಅಡಿಯಲ್ಲಿದೆ. ಆಕಾಶ ಭೂಮಿಗಳ ಸಾಕ್ಷಿಯಲ್ಲಿ ತೊಡಗಿ ಸಾಯದ ಹುಳುವಿನಲ್ಲಿ ಮುಗಿಯುವ ಯೆಶಾಯನ ಪುಸ್ತಕವನ್ನು ಕನ್ನಡದಲ್ಲಿ ಓದುವಾಗ ನನಗೆ ಈ ಕಲ್ಲುಗಳು ಕಣ್ಣಮುಂದೆ ನಿಲ್ಲುತ್ತವೆ. ಎರಡು ನಾಡುಗಳು ಒಂದನ್ನೊಂದು ನೋಡಿ ಕಲಿತದ್ದಲ್ಲ ಇದು. ಮಾತು ಮುರಿಯಬಾರದು ಎಂಬ ಆತಂಕ ಎಲ್ಲಿದೆಯೋ ಅಲ್ಲೆಲ್ಲ ಮನುಷ್ಯ ಮೇಲೆ ಸಾಕ್ಷಿಯನ್ನೂ ಕೆಳಗೆ ಶಾಪವನ್ನೂ ಇಟ್ಟಿದ್ದಾನೆ.

ಬಿ.ಎಲ್. ರೈಸ್ 1889ರಲ್ಲಿ ಹೊರತಂದ ಶ್ರವಣಬೆಳಗೊಳದ ಶಾಸನಗಳ ಸಂಪುಟದಲ್ಲಿ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ಅರಸನಲ್ಲಿ ಮೊರೆಯಿಟ್ಟರು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ದರ್ಶನಕ್ಕೂ ಆ ದರ್ಶನಕ್ಕೂ ಭೇದವಿಲ್ಲ, ಜೈನರಿಗೆ ಪಂಚಮಹಾವಾದ್ಯ ಕಲಶಗಳು ಹಿಂದಿನಂತೆ ಸಲ್ಲಬೇಕು, ವೈಷ್ಣವರು ಅವರನ್ನು ಕಾಪಾಡಬೇಕು ಎಂದು ವಿಧಿಸಿದ. ಜೈನರ ರಕ್ಷಣೆಗಾಗಿ ಜೈನಕ್ಷೇತ್ರದಲ್ಲೇ ನಿಂತ ಈ ಕಲ್ಲು ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಮೇಲ್ನೋಟಕ್ಕೆ ಇದು ವಿಚಿತ್ರ. ಆದರೆ ಕಾಪಾಡುವ ಮಾತು ಕೊಟ್ಟವರು ವೈಷ್ಣವರು; ಅವರು ತಮ್ಮ ಗುರುವಿನ ಹೆಸರಿನಲ್ಲೇ ಆಣೆಗೆ ಕಟ್ಟುಬಿದ್ದರು. ಕೊನೆಯಲ್ಲಿ, ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂಬ ನುಡಿಯಿದೆ. ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಹೆದರಿಕೆಯಿದೆ. ಸ್ತುತಿಯನ್ನೂ ಶಾಪವನ್ನೂ ಬಿಟ್ಟು ನಡುವಿನ ಸಾಲುಗಳನ್ನಷ್ಟೇ ಓದಿದರೆ ಅದು ಅರಸನ ಅಪ್ಪಣೆಯಾಗಿ ಕಾಣುತ್ತದೆ. ತುದಿಗಳೊಡನೆ ಓದಿದರೆ ಎರಡು ಸಮುದಾಯಗಳ ಒಡಂಬಡಿಕೆ.

ಅವೆನ್ಯೂ ರಸ್ತೆಯ ಆ ಹರಿದ ಸತ್ಯವೇದದಲ್ಲಿ ಕಳೆದುಹೋಗಿದ್ದ ಪ್ರಕಟನೆಯ ಕೊನೆಯ ಹಾಳೆಗಳಲ್ಲೂ ಇಂಥದೇ ಕಟ್ಟು ಇರಬೇಕಿತ್ತು. ತನ್ನನ್ನು ಪ್ರವಾದನೆಯೆಂದೇ ಕರೆದುಕೊಳ್ಳುವ ಆ ಪುಸ್ತಕ, ಇದನ್ನು ಸಭೆಯಲ್ಲಿ ಓದುವವನೂ ಕೇಳುವವರೂ ಧನ್ಯರು ಎಂಬ ಫಲಶ್ರುತಿಯಿಂದ ತೊಡಗುತ್ತದೆ. ಇದಕ್ಕೆ ಸೇರಿಸುವವನಿಗೂ ಇದರಿಂದ ಕಳೆಯುವವನಿಗೂ ಶಾಪವಿಟ್ಟು, ಕಟ್ಟಕಡೆಗೆ ಎಲ್ಲರಿಗೂ ಕೃಪೆಯನ್ನು ಹಾರೈಸಿ ಮುಗಿಯುತ್ತದೆ. ಹರಿದ ಹಾಳೆಯಲ್ಲಿ ಇದ್ದದ್ದು, ಹಾಳೆ ಹರಿಯಬೇಡಿ ಎಂಬ ಮಾತೇ.

ಶಾಪದಲ್ಲಿ ಮುಗಿಯುವ ಗ್ರಂಥವನ್ನು ಓದಿ ಏಳುವುದು ಹೇಗೆ? ಯೆಹೂದಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಸಭಾಮಂದಿರದಲ್ಲಿ ಯೆಶಾಯನ ಕೊನೆಯ ವಾಕ್ಯ ಓದಿದ ಮೇಲೆ, ಸಕಲ ಜನರೂ ಆರಾಧನೆಗೆ ಬರುವರೆಂಬ ಅದರ ಹಿಂದಿನ ವಾಕ್ಯವನ್ನು ಮತ್ತೊಮ್ಮೆ ಓದಿಯೇ ನಿಲ್ಲಿಸುತ್ತಾರೆ. ಮಲಾಕಿಯಿಂದ ಮುಗಿಯುವ ಹನ್ನೆರಡು ಪ್ರವಾದಿಗಳ ಗ್ರಂಥಕ್ಕೂ, ಪ್ರಲಾಪಗಳಿಗೂ, ಪ್ರಸಂಗಿಗೂ ಇದೇ ಪದ್ಧತಿ. ತಂದೆಯ ಮನಸ್ಸು ಮಕ್ಕಳ ಕಡೆಗೂ ಮಕ್ಕಳ ಮನಸ್ಸು ತಂದೆಯ ಕಡೆಗೂ ತಿರುಗಲಿ, ಇಲ್ಲವಾದರೆ ನಾಡಿಗೆ ಶಾಪ ಎಂದು ಮಲಾಕಿಯ ಪುಸ್ತಕ ಮುಗಿಯುತ್ತದೆ. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಅಲ್ಲಿಯ ವಾಕ್ಯಗಳ ಕ್ರಮವೇ ಬೇರೆ. ಶಾಪದ ಮಾತು ಕೊನೆಯಲ್ಲಿ ನಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಿದೆ.

ಕನ್ನಡಿಗರು ಇದನ್ನು ಓದಿದರೆ ತಮ್ಮ ಮನೆಯ ಮಾತನ್ನೇ ಕೇಳಿದಂತಾಗುತ್ತದೆ. ಕುಮಾರವ್ಯಾಸ ಮಹಾಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿ, ಧರ್ಮರಾಯನ ಪಟ್ಟಾಭಿಷೇಕದಲ್ಲಿ ಮಂಗಳ ಹಾಡಿದ. ಮುಂದಿನ ಪ್ರಸ್ಥಾನಗಳ ದುಃಖಕ್ಕೆ ಹೋಗಲಿಲ್ಲ. ರಾಮಾಯಣದ ಪಾರಾಯಣವನ್ನು ಅನೇಕ ಮನೆಗಳಲ್ಲಿ ರಾಮನ ಪಟ್ಟಾಭಿಷೇಕಕ್ಕೆ ಮುಗಿಸುತ್ತಾರೆ. ಸೀತೆಯ ಕಾಡುಪಾಲು ಗೊತ್ತಿಲ್ಲವೆಂದಲ್ಲ. ಕೇಳಿ ಎದ್ದು ಹೋಗುವವನ ಕೈಯಲ್ಲಿ ಏನನ್ನು ಇಟ್ಟು ಕಳಿಸಬೇಕೆಂಬ ಹೊಣೆ ಹೇಳುವವನ ಮೇಲಿದೆ. ಯೆಹೂದಿ ಓದುಗನೂ ಶಾಪದ ವಾಕ್ಯವನ್ನು ಬಿಡುವುದಿಲ್ಲ, ಪೂರ್ತಿ ಓದುತ್ತಾನೆ. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಬಂದು, ಜನರನ್ನು ಬೆಳಕಿರುವ ಕಡೆಯಿಂದ ಮನೆಗೆ ಕಳಿಸುತ್ತಾನೆ.

1947ರ ಸುಮಾರಿಗೆ ಮೃತಸಮುದ್ರದ ದಂಡೆಯ ಕುಮ್ರಾನಿನ ಗವಿಯೊಂದರಲ್ಲಿ ಕುರಿಗಾಹಿಗಳಿಗೆ ತೊಗಲಿನ ಸುರುಳಿಗಳು ಸಿಕ್ಕವು. ಅವುಗಳಲ್ಲಿ ಯೆಶಾಯನ ಪುಸ್ತಕವೂ ಒಂದು. 17 ತೊಗಲುಗಳನ್ನು ಸೇರಿಸಿ ಹೊಲಿದ, ಏಳು ಮೀಟರಿಗೂ ಮಿಕ್ಕ ಉದ್ದದ ಆ ಸುರುಳಿಯಲ್ಲಿ 54 ಅಂಕಣಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದದ್ದು. ಅಲ್ಲಲ್ಲಿ ಅಂಚು ಸವೆದಿದೆ, ತೂತು ಬಿದ್ದಿದೆ. ಆದರೆ ಆಕಾಶ ಭೂಮಿಗಳನ್ನು ಕರೆಯುವ ಮೊದಲ ಅಂಕಣವೂ ಉಳಿದಿದೆ, ಸಾಯದ ಹುಳುವಿನ ಕೊನೆಯ ಅಂಕಣವೂ ಉಳಿದಿದೆ.

ಹರಿದ ಸತ್ಯವೇದವನ್ನು ನಾನು ರಟ್ಟು ಹಾಕುವವರ ಬಳಿ ಒಯ್ದೆ. ವಯಸ್ಸಾದವರು. ಪುಸ್ತಕವನ್ನು ಮಂಡಿಯ ಮೇಲೆ ಇಟ್ಟುಕೊಂಡು, ಸಡಿಲವಾದ ದಾರವನ್ನು ಚಿಮ್ಮಟದಿಂದ ಎಳೆದು ತೆಗೆದರು. ಹೊಸ ದಾರಕ್ಕೆ ಮೇಣ ಸವರಿ, ಸೂಜಿಗೆ ಪೋಣಿಸಿ, ಹಳೆಯ ತೂತುಗಳಲ್ಲೇ ಹಾಯಿಸಿ ಹೊಲಿದರು. ಅಂಟು ಬಳಿಯುವ ಮೊದಲು ತಲೆಯೆತ್ತಿ ಕೇಳಿದರು: "ಮುಂದೆ ಎಷ್ಟು ಖಾಲಿ ಹಾಳೆ ಬೇಕು, ಹಿಂದೆ ಎಷ್ಟು?"

ಮುಂದೆ ನಾಲ್ಕು, ಹಿಂದೆ ನಾಲ್ಕು ಎಂದೆ. ಅವರು ಬಿಳಿ ಹಾಳೆಗಳನ್ನು ಎಣಿಸಿ ಮಡಚಿ, ಎರಡೂ ಕಡೆ ಸೇರಿಸಿ, ಮೇಲೊಂದು ಕೆಳಗೊಂದು ರಟ್ಟು ಇಟ್ಟು ಒತ್ತಿದರು. ಗೆದ್ದಲು ತಿಂದ ಗರಿಯ ಬದಲು ಹೊಸ ಗರಿಯಲ್ಲಿ ಬರೆದು ಸೇರಿಸುತ್ತಿದ್ದ ಲಿಪಿಕಾರರಂತೆ, ಆ ಎಂಟು ಹಾಳೆಗಳನ್ನು ಇನ್ನೊಂದು ಪ್ರತಿಯಿಂದ ನೋಡಿ ಕೈಯಾರೆ ತುಂಬಿಸುವುದು ಈಗ ನನ್ನ ಕೆಲಸ. ಮೊದಲ ಹಾಳೆಯಲ್ಲಿ ಆಕಾಶ ಭೂಮಿಗಳ ಸೃಷ್ಟಿ. ಕೊನೆಯ ಹಾಳೆಯಲ್ಲಿ ಶಾಪದ ಕೆಳಗೆ ಕೃಪೆಯ ಆ ಒಂದು ಸಾಲು.